ಲಕ್ಕವ್ವನ ಒಂದೇ ಬಣ್ಣದ ಉಣ್ಣೆ

ಏಳು ಗುಡ್ಡ ಹತ್ತಿ ಏಳು ಹಳ್ಳ ಇಳಿದರೆ ಸಿಗುವ ಕಂಬಳಿದುರ್ಗ ಎಂಬ ರಾಜ್ಯದಲ್ಲಿ, ನಮ್ಮ ಮುತ್ತಜ್ಜನ ಮುತ್ತಜ್ಜನೂ ಹುಟ್ಟದ ಕಾಲದಲ್ಲಿ, ಜನ ನಗಬೇಕೆಂದರೆ ಮನೆಯೊಳಗೆ ಹೋಗಿ ಕದ ಹಾಕಿಕೊಂಡು ನಗುತ್ತಿದ್ದರು. ಯಾಕೆಂದರೆ ಅಲ್ಲಿ ಧೂಮಜಟಿ ಎಂಬ ಮಾಂತ್ರಿಕನಿದ್ದ. ತಾನೇ ಬಣ್ಣ ಹಾಕಿದ ಕೆಂಪು ಕಂಬಳಿ ಹೊದ್ದು ಸಂತೆಗೆ ಬರುತ್ತಿದ್ದ. ಆ ಕಂಬಳಿ ಒಂದು ಕಡೆ ಕಡುಗೆಂಪು, ಇನ್ನೊಂದು ಕಡೆ ಪೇಲವ, ನಡುನಡುವೆ ಬಿಳಿ ಮಚ್ಚೆ. ನೋಡಿದವರಿಗೆ ನಗು ತಡೆಯಲಾಗುತ್ತಿರಲಿಲ್ಲ. ನಕ್ಕವರ ಮೇಲೆ ಅವನೊಂದು ಚಿಟಿಕೆ ಬೂದಿ ಎಸೆದರೆ ಮುಗಿಯಿತು, ಅವರು ಕುರಿಯಾಗಿಬಿಡುತ್ತಿದ್ದರು. ಹೀಗೆ ಹತ್ತೊಂಬತ್ತು ಜನ ಅವನ ದೊಡ್ಡಿಯಲ್ಲಿ ಹುಲ್ಲು ತಿನ್ನುತ್ತಿದ್ದರು. ರಾಜನೂ ಅವನೆದುರು ಕೆನ್ನೆ ಕಚ್ಚಿಕೊಂಡು ಕೂರುತ್ತಿದ್ದನಂತೆ, ಪಾಪ.

ಕುರಿ ಕಾಯುವ ಮಾಳಿಂಗನ ಬಾಯಿಗೆ ಮಾತ್ರ ಬೀಗವಿರಲಿಲ್ಲ. ಒಂದು ದಿನ ತುಂಬಿದ ಸಂತೆಯಲ್ಲಿ ಮಾಂತ್ರಿಕನನ್ನು ನಿಲ್ಲಿಸಿ, ಸ್ವಾಮಿ, ಇದು ಕಂಬಳಿಯೋ ಗಜಕರ್ಣ ಹತ್ತಿದ ಹಸುವೋ ಎಂದು ಕೇಳಿಯೇಬಿಟ್ಟ. ಕೇಳಿದ್ದಷ್ಟೇ ಗೊತ್ತು, ಮರುಗಳಿಗೆಗೆ ನಾಲ್ಕು ಕಾಲಿನ ಮೇಲೆ ನಿಂತಿದ್ದ. ಅವನ ಹೆಂಡತಿ ಲಕ್ಕವ್ವ ಓಡಿಬಂದು ಟಗರಿನ ಕುತ್ತಿಗೆ ತಬ್ಬಿಕೊಂಡು, ಬಾಯಿ ಹಿಡಿತದಲ್ಲಿಟ್ಟುಕೋ ಎಂದು ಎಷ್ಟು ಸಲ ಬಡಕೊಂಡೆ ಎಂದು ಬೈಯುತ್ತಲೇ ಅತ್ತಳು.

ಧೂಮಜಟಿ ಹೇಳಿದ: “ನಿನ್ನ ಗಂಡ ನನ್ನ ಬಣ್ಣಕ್ಕೆ ನಕ್ಕನಲ್ಲ, ಒಂದು ಕುರಿಯ ಉಣ್ಣೆಗೆ ಮಚ್ಚೆಯಿಲ್ಲದ ಹಾಗೆ ನೀನು ಕೆಂಪು ಹಾಕು, ನೋಡೋಣ. ಮೂರು ಸಲ ಅವಕಾಶ. ಇವನಿಗೆ ಮಾತು ಉಳಿಸಿದ್ದೇನೆ, ಒಂದೊಂದು ಸಲ ತಪ್ಪಿದಾಗಲೂ ಅದು ಅಷ್ಟಷ್ಟು ಹೋಗುತ್ತದೆ. ಮೂರೂ ತಪ್ಪಿದರೆ ಸಾಯುವ ತನಕ ಕುರಿ. ಗೆದ್ದರೆ ನನ್ನ ಮಂತ್ರವೆಲ್ಲ ಆ ಉಣ್ಣೆಯಲ್ಲೇ ಇಂಗಿಹೋಗಲಿ.” ಇಷ್ಟು ದೊಡ್ಡ ಆಣೆ ಇಡಲು ಅವನಿಗೆ ಧೈರ್ಯ ಎಲ್ಲಿಂದ ಬಂತು ಎಂದಿರಾ? ನೂರು ವರ್ಷ ತಾನೇ ಒದ್ದಾಡಿದರೂ ಅವನಿಗೆ ಆ ಕೆಲಸ ಕೈಗೂಡಿರಲಿಲ್ಲ.

ಆ ನಾಡಿನವರು ಕರಿಕಂಬಳಿ ನೇಯುವವರು. ಕುರಿಯ ಬಣ್ಣವೇ ಕಂಬಳಿಯ ಬಣ್ಣ. ಕತ್ತರಿಸಿದ ಉಣ್ಣೆಯನ್ನು ತೊಳೆದರೆ ಹಟ್ಟಿಯ ಲಕ್ಷ್ಮಿಯೂ ತೊಳೆದುಹೋಗುತ್ತಾಳೆಂದು ಯಾರೂ ತೊಳೆಯುತ್ತಿರಲಿಲ್ಲ. ಲಕ್ಕವ್ವನೂ ತೊಳೆಯಲಿಲ್ಲ. ಒಂದು ಬಿಳಿ ಕುರಿಯ ಉಣ್ಣೆ ಕತ್ತರಿಸಿ, ಬಣ್ಣ ಕಚ್ಚಲೆಂದು ಪಟಿಕ ಹಾಕಿ, ಮಂಜಿಷ್ಠದ ಬೇರಿನ ಕೆಂಪು ನೀರಲ್ಲಿ ಕುದಿಸಿದಳು. ತೆಗೆದು ನೋಡಿದರೆ ತುದಿ ಕೆಂಪು, ಬುಡ ಬಿಳಿ. ಬೆಟ್ಟದ ಮೇಲಿನ ತನ್ನ ದೊಡ್ಡಿಯಿಂದಲೇ ನೋಡುತ್ತಿದ್ದ ಮಾಂತ್ರಿಕ ಚಪ್ಪಾಳೆ ತಟ್ಟಿದ. ಟಗರಿನ ಬಾಯಿಂದ ಅರ್ಧ ಮಾತು ಹೊಗೆಯಾಗಿ ಹಾರಿಹೋಯಿತು.

ಲಕ್ಕವ್ವ ತಲೆ ಮೇಲೆ ಕೈ ಹೊತ್ತು ಕೂತಳು. ಅಷ್ಟರಲ್ಲಿ ಸೋನೆಮಳೆ ಹಿಡಿಯಿತು. ಅಂಗಳದಲ್ಲಿ ನಿಂತಿದ್ದ ಮಾಳಿಂಗ ತಡವರಿಸುತ್ತ ಅಂದ: “ಲೇ ಇವಳೇ... ಮಳೆ ಜಾರುತ್ತೆ. ಮೈ... ಜಿಡ್ಡು.” ಅವಳು ಹೋಗಿ ಅವನ ಉಣ್ಣೆಯೊಳಗೆ ಬೆರಳಿಟ್ಟಳು. ಮೇಲೆ ನೀರು, ಬುಡದಲ್ಲಿ ಒಂದು ಹನಿಯೂ ಇಲ್ಲ, ಬೆರಳೆಲ್ಲ ಅಂಟು ಅಂಟು. ಮಳೆನೀರೇ ಇಳಿಯದ ಕಡೆ ಬಣ್ಣದ ನೀರು ಹೇಗೆ ಇಳಿದೀತು! ಲಕ್ಷ್ಮಿ ಹೋದರೆ ಹೋಗಲಿ, ಗಂಡ ಬಂದರೆ ಸಾಕು ಎಂದು ಅವಳು ಎರಡನೆಯ ಕುರಿಯ ಉಣ್ಣೆಯನ್ನು ಅಂಟುವಾಳದ ಕಾಯಿ ಕಿವುಚಿದ ಬೆಚ್ಚನೆ ನೀರಲ್ಲಿ ಅದ್ದಿ ಅದ್ದಿ ತೆಗೆದಳು. ಉಜ್ಜಿದರೆ ಗಂಟು ಕಟ್ಟುತ್ತದೆಂದು ಉಜ್ಜಲಿಲ್ಲ. ನೀರು ತಿಳಿಯಾಗುವ ತನಕ ತೊಳೆದು, ಬಿಸಿಲಲ್ಲಿ ಗರಿಗರಿ ಒಣಗಿಸಿ, ಒಣಗಿದ್ದನ್ನೇ ಕುದಿಯುವ ಬಣ್ಣಕ್ಕೆ ಹಾಕಿದಳು.

ಈ ಸಲ ಬುಡಕ್ಕೂ ಬಣ್ಣ ಹತ್ತಿತು. ಆದರೆ ಮೊದಲು ನೀರು ತಾಗಿದ ಕಡೆ ಕಡುಗೆಂಪು, ಆಮೇಲೆ ತಾಗಿದ ಕಡೆ ತಿಳಿಗೆಂಪು. ಬೆಟ್ಟದ ಮೇಲೆ ಮತ್ತೆ ಚಪ್ಪಾಳೆ. ಮಾಳಿಂಗನಿಗೆ ಉಳಿದದ್ದು ಒಂದೇ ಒಂದು ಮಾತು. ಅದನ್ನು ಅವನು ಬಾಯಲ್ಲೇ ಕಾಪಾಡಿಕೊಂಡು ಇಡೀ ದಿನ ಸುಮ್ಮನಿದ್ದ. ಮಾರನೆಯ ದಿನ ಹೆಂಡತಿ ರೊಟ್ಟಿ ಹಿಟ್ಟು ನಾದುವಾಗ, ಮೊದಲು ಒದ್ದೆಯಾದ ಹಿಟ್ಟೇ ನೀರನ್ನೆಲ್ಲ ಕುಡಿದು ಉಂಡೆಯಾಗುವುದನ್ನು ನೋಡಿ ಆ ಮಾತನ್ನು ಆಡಿದ.

“ನೆನೆಸು.”

ಅಷ್ಟೇ. ಆಮೇಲೆ ಬ್ಯಾ ಎಂಬುದನ್ನು ಬಿಟ್ಟು ಬೇರೇನೂ ಬರಲಿಲ್ಲ. ಇನ್ನೊಂದು ಸಲ ತಪ್ಪಿದರೆ ಅವನಿಗೆ ಹೆಂಡತಿ ಯಾರು, ಹುಲ್ಲು ಹಾಕುವವಳು ಯಾರು ಎಂಬುದೂ ತಿಳಿಯುವುದಿಲ್ಲ. ಲಕ್ಕವ್ವ ಮೂರನೆಯ ಉಣ್ಣೆಯನ್ನು ತೊಳೆದು, ಎಲ್ಲ ಕಡೆ ಮೊದಲೇ ಒಂದೇ ಸಮ ಒದ್ದೆಯಾಗಲೆಂದು ತಣ್ಣೀರಲ್ಲಿ ಒಂದು ಹಗಲು ಪೂರ್ತಿ ನೆನೆಸಿದಳು. ಪಟಿಕವನ್ನು ಒಂದು ಹರಳೂ ಉಳಿಯದ ಹಾಗೆ ಕರಗಿಸಿದಳು. ಇನ್ನೇನು ಉಣ್ಣೆಯನ್ನು ಬಣ್ಣದ ಗಡಿಗೆಗೆ ತುರುಕಬೇಕು, ಟಗರು ಓಡಿಬಂದು ಅವಳ ಕೈಯಿಂದ ಉಣ್ಣೆ ಕಚ್ಚಿ ಎಳೆಯತೊಡಗಿತು.

ಅವಳಿಗೆ ಸಿಟ್ಟು ನೆತ್ತಿಗೇರಿತು, ನಿನಗಾಗಿಯೇ ಸಾಯುತ್ತಿದ್ದೇನಲ್ಲ ಎಂದು ಕೋಲೆತ್ತಿದಳು. ಟಗರು ಹೆದರಲಿಲ್ಲ. ಹಟ್ಟಿಯೊಳಗೆ ನುಗ್ಗಿ ಒತ್ತೊತ್ತಾಗಿ ನಿಂತ ಕುರಿಗಳ ನಡುವೆ ಸಿಕ್ಕಿಕೊಂಡು ಏದುಸಿರು ಬಿಟ್ಟಿತು. ಆಚೆ ಬಂದು ಬಯಲಲ್ಲಿ ನಿಂತು ಹಾಯಾಗಿ ಉಸಿರೆಳೆಯಿತು. ಲಕ್ಕವ್ವ ಕೋಲು ಕೆಳಗಿಟ್ಟಳು. ಇಕ್ಕಟ್ಟಾದ ಗಡಿಗೆಯಲ್ಲಿ ಮಧ್ಯದ ಉಣ್ಣೆಗೆ ಬಣ್ಣ ಎಲ್ಲಿಂದ ಸುಳಿಯಬೇಕು? ಎರಡು ಗಡಿಗೆ ಮಾಡಿದರೆ ಎರಡು ಬಣ್ಣವಾಗುತ್ತದೆ. ಅವಳು ನೆಟ್ಟಗೆ ಅರಮನೆಗೆ ಹೋಗಿ ಅನ್ನ ಬೇಯಿಸುವ ಕೊಪ್ಪರಿಗೆ ಕೇಳಿದಳು. ಅಡುಗೆಯವರು ಗೊಣಗಿದರು. ರಾಜ ಮಾತ್ರ ತಾನೇ ಅದರ ಒಂದು ಹಿಡಿಕೆ ಹಿಡಿದು ಹೊತ್ತುತಂದ. ನಗದೆ ನಗದೆ ಅವನ ಕೆನ್ನೆ ಹುಣ್ಣಾಗಿತ್ತು.

ಕೊಪ್ಪರಿಗೆಯ ತುಂಬ ತಣ್ಣನೆಯ ಬಣ್ಣದ ನೀರು ಹಾಕಿ, ನೆನೆದ ಉಣ್ಣೆಯನ್ನು ಅದರಲ್ಲಿ ತೇಲಲು ಬಿಟ್ಟು, ಕೆಳಗೆ ಸಣ್ಣ ಉರಿ ಇಟ್ಟಳು. ನೀರು ಕುದಿಯಗೊಡಲಿಲ್ಲ. ಆಗಾಗ ಮಗುವನ್ನು ಮಗ್ಗುಲು ಬದಲಿಸುವ ಹಾಗೆ ತಿರುವಿಹಾಕಿದಳು. ಉರಿ ತೆಗೆದ ಮೇಲೂ ಕೈ ಹಾಕದೆ, ಪೂರಾ ಆರುವ ತನಕ ಕಾದಳು.

ಧೂಮಜಟಿ ಬಂದ. ಎಳೆ ಎಳೆ ಬಿಡಿಸಿ ನೋಡಿದ. ತುದಿ ನೋಡಿದ, ಬುಡ ನೋಡಿದ, ಮೂಸಿಯೂ ನೋಡಿದ. ಕೊನೆಗೆ ಕುಣಿದು, ಇಗೋ ಇಲ್ಲಿ ಕಪ್ಪಾಗಿದೆ ಎಂದ.

“ಅದು ನಿಮ್ಮ ನೆರಳು, ಸ್ವಾಮಿ,” ಅಂದಳು ಲಕ್ಕವ್ವ. “ಒಂಚೂರು ಸರಿದು ನಿಲ್ಲಿ.”

ಸರಿದು ನಿಂತ. ಮಚ್ಚೆ ಇರಲಿಲ್ಲ. ಮೊದಲು ನಕ್ಕವನು ರಾಜ. ಆಮೇಲೆ ಊರಿಗೆ ಊರೇ ಬೀದಿಯಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮಾಂತ್ರಿಕ ಹಿಡಿ ಹಿಡಿ ಬೂದಿ ಎಸೆದ, ಎಲ್ಲರಿಗೂ ಸೀನು ಬಂತು, ಅಷ್ಟೇ. ಅವನ ಮಂತ್ರ ಉಣ್ಣೆಯಲ್ಲಿ ಇಂಗಿಹೋಗಿತ್ತು. ದೊಡ್ಡಿಯ ಹತ್ತೊಂಬತ್ತು ಕುರಿಗಳೂ ಮನುಷ್ಯರಾಗಿ ಬೇಲಿ ಹಾರಿ ಮನೆಗೆ ಓಡಿದವು.

ಮಂತ್ರ ಹೋದ ಧೂಮಜಟಿ ಬರೀ ಮುದುಕನಾಗಿ ಕೂತಿದ್ದ. ಲಕ್ಕವ್ವ ಅವನಿಗೆ ರೊಟ್ಟಿ ಕೊಟ್ಟು ಉಣ್ಣೆ ತೊಳೆಯುವ ಕೆಲಸಕ್ಕೆ ಹಚ್ಚಿದಳು. ಎರಡೇ ವರ್ಷದಲ್ಲಿ ಅವನೂ ಮಚ್ಚೆಯಿಲ್ಲದ ಕಂಬಳಿ ಹೊದ್ದು ಸಂತೆಗೆ ಬಂದ, ಜನ ಭೇಷ್ ಅಂದರು, ಮುದುಕ ಕಣ್ಣೊರೆಸಿಕೊಂಡ.

ಮಾಳಿಂಗ ಏನು ಮಾಡಿದ ಅಂತೀರಾ? ಆ ನಾಡಿನಲ್ಲಿ ಗಂಡ ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ರೂಢಿಯೇ ಇರಲಿಲ್ಲ. ಮಂತ್ರ ಇಂಗಿದ ಆ ದಿನ ಎರಡು ಕಾಲ ಮೇಲೆ ಎದ್ದು ನಿಂತವನು, ಮಾತು ಮತ್ತೆ ಹೋದೀತೆಂಬ ಭಯಕ್ಕೋ ಏನೋ, ರಾಜನೆದುರೇ, ಊರೆಲ್ಲ ಕೇಳುವ ಹಾಗೆ, “ಲಕ್ಕವ್ವಾ” ಎಂದು ಕರೆದ. ಅವಳು ನಾಚಿ ಸೆರಗಲ್ಲಿ ಮುಖ ಮುಚ್ಚಿಕೊಂಡಳು. ಅವನು ಇನ್ನೊಂದು ಸಲ ಕರೆದ. ಅವಳು, “ಓ” ಅಂದಳು.