ನಾಲ್ಕೂ ಹತ್ತರ ಫೋನು

“ಅಮ್ಮ ಎಲ್ಲಿ ಮರಿ? ಸ್ವಲ್ಪ ಫೋನ್ ಕೊಡು” ಎಂದರು ಅತ್ತೆ.

“ಸ್ನಾನಕ್ಕೆ ಹೋಗಿದಾಳೆ ಅತ್ತೆ. ನನಗೇ ಹೇಳಿ. ಇವತ್ತು ಫೋನ್ ಡ್ಯೂಟಿ ನಂದೇ!”

ಅದೇನೂ ಸುಳ್ಳಲ್ಲ. ಅಮ್ಮ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಹೆಡ್ ನರ್ಸ್. ಅಲ್ಲಿ ಚಾರ್ಟ್ ಇಲ್ಲದೆ ಒಂದು ಹುಲ್ಲುಕಡ್ಡಿಯೂ ಅಲ್ಲಾಡುವುದಿಲ್ಲ. ಇವತ್ತು ಮನೆಯ ಫ್ರಿಜ್ಜಿನ ಬಾಗಿಲಿಗೂ ಒಂದು ಚಾರ್ಟ್ ಅಂಟಿತ್ತು. ಕುರ್ಚಿ ತರುವುದು ಅಪ್ಪ. ಬಟಾಣಿ ಸುಲಿಯುವುದು ಅಜ್ಜ. ಫೋನು, ಬಾಗಿಲು ಚಟಪಟಿ. ಕೆಳಗೆ ಕೆಂಪು ಪೆನ್ನಿನಲ್ಲಿ, ‘ಫೋನ್ ಬಂದರೆ ಬರೆದುಕೊಂಡು ತಕ್ಷಣ ನನಗೆ ಓದಿ ಹೇಳಬೇಕು’ ಎಂದಿತ್ತು.

ಚಟಪಟಿ ಅವಳ ನಿಜವಾದ ಹೆಸರೇನಲ್ಲ. ಬಾಯಿ ಮುಚ್ಚದೆ ಮಾತಾಡುವ ಹತ್ತು ವರ್ಷದ ಹುಡುಗಿಗೆ ಮನೆಯವರು ಇನ್ನೇನು ಹೆಸರಿಟ್ಟಾರು?

“ನಮ್ಮನೇಲಿ ಗ್ಯಾಸ್ ಕೈ ಕೊಟ್ಟುಬಿಡ್ತು ಕಣೇ” ಎಂದರು ಅತ್ತೆ. “ಸಿಲಿಂಡರ್ ಬರೋದು ನಾಳೆಗಂತೆ. ಅನ್ನ ನಾನು ಮಾಡ್ಕೊಂಡು ಬರ್ತೀನಿ ಅಂದಿದ್ನಲ್ಲ, ಆಗಲ್ಲ. ಅಲ್ಲೇ ಮಾಡ್ಕೊಳ್ಳೋಕೆ ಹೇಳಿಬಿಡು ಅಮ್ಮಂಗೆ. ಹನ್ನೆರಡು ಜನಕ್ಕೆ. ಮರೀಬೇಡ ಮತ್ತೆ!”

ಚಟಪಟಿ ಚೀಟಿಯಲ್ಲಿ ಬರೆದುಕೊಂಡಳು. ಗಡಿಯಾರ ನೋಡಿ ‘ನಾಲ್ಕೂ ಹತ್ತು’ ಎಂದು ಟೈಮೂ ಹಾಕಿದಳು. ಬಚ್ಚಲುಮನೆಯ ಬಾಗಿಲು ಬಡಿಯಲು ಕೈ ಎತ್ತಿದಳು.

ಒಳಗೆ ಅಮ್ಮ ಹಾಡು ಗುನುಗುತ್ತಿದ್ದಳು. ಎತ್ತಿದ ಕೈ ಹಾಗೇ ನಿಂತಿತು.

ಹೋದ ವರ್ಷ ಇದೇ ಬಾಗಿಲ ಹೊರಗೆ ಅವಳು ನಿಂತಿದ್ದಳು. ಶಾಲೆಗೆ ದೊಡ್ಡ ರಜೆ ಶುರುವಾದ ಮೊದಲ ಭಾನುವಾರ ಅತ್ತೆಯ ಮನೆಯವರು, ಚಿಕ್ಕಪ್ಪನ ಮನೆಯವರು ಎಲ್ಲರೂ ಇಲ್ಲಿಗೇ ಊಟಕ್ಕೆ ಬರುತ್ತಾರೆ. ಮಕ್ಕಳೆಲ್ಲ ಇಲ್ಲೇ ಉಳಿದು, ಹಾಲ್‌ನಲ್ಲಿ ಸಾಲಾಗಿ ಮಲಗಿ, ಬೈಸಿಕೊಳ್ಳುವ ತನಕ ಹರಟುತ್ತಾರೆ. ಚಟಪಟಿಗೆ ಇಡೀ ವರ್ಷದಲ್ಲಿ ಅದರಷ್ಟು ಇಷ್ಟದ ದಿನ ಬೇರೊಂದಿಲ್ಲ. ಹೋದ ವರ್ಷ ಊಟ ಮುಗಿದು ಹಾಲಿನಲ್ಲಿ ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದಾಗ, ಇಲ್ಲಿ ಒಳಗೆ ನಲ್ಲಿ ಜೋರಾಗಿ ಸುರಿಯುತ್ತಿತ್ತು. ಆ ಸದ್ದಿನ ಮರೆಯಲ್ಲಿ ಅಮ್ಮ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಮರುದಿನ ಅಪ್ಪನಿಗೆ, “ಇದು ಇನ್ನು ನನ್ನ ಕೈಲಾಗಲ್ಲ” ಎಂದದ್ದೂ ಚಟಪಟಿಯ ಕಿವಿಗೆ ಬಿದ್ದಿತ್ತು.

ಈ ಸಲ ಅಮ್ಮ ಒಪ್ಪಿದ್ದೇ ಹೆಚ್ಚು. “ಇದೊಂದು ಸಲ ನೋಡ್ತೀನಿ. ಒಂಚೂರೂ ಟೆನ್ಷನ್ ಇಲ್ದೆ ನಡೀಬೇಕು” ಎಂದಿದ್ದಳು. ಇವತ್ತು ಏನಾದರೂ ಎಡವಟ್ಟಾದರೆ ಮುಂದಿನ ವರ್ಷ ಊಟವೂ ಇಲ್ಲ, ಹರಟೆಯೂ ಇಲ್ಲ.

ಚಟಪಟಿ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡಳು. ಅನ್ನ ತಾನೇ? ಅಕ್ಕಿ, ನೀರು, ಸ್ವಿಚ್ಚು. ಇಷ್ಟಕ್ಕೆ ಅಮ್ಮ ಯಾಕೆ?

ರೈಸ್ ಕುಕ್ಕರನ್ನು ತಬ್ಬಿಕೊಂಡು ಅವಳು ಅಜ್ಜನ ಕೋಣೆಗೆ ನುಗ್ಗಿದಳು. ಅಜ್ಜ ಬಟಾಣಿ ಸುಲಿಯುತ್ತಾ, ಪಾತ್ರೆಗೆ ಎರಡು, ಬಾಯಿಗೆ ಒಂದು ಎಂದು ಹಾಕಿಕೊಳ್ಳುತ್ತಾ ಕೂತಿದ್ದರು.

“ಇದೇನೇ ಇದು?”

“ಶ್! ಸೀಕ್ರೆಟ್.”

ನಾಲ್ಕು ಜನಕ್ಕೆ ಎರಡು ಲೋಟ ಅಕ್ಕಿ. ಹನ್ನೆರಡು ಜನಕ್ಕೆ ಆರು ಲೋಟ. ಅವಳ ಲೆಕ್ಕ ಸರಿಯಾಗಿಯೇ ಇತ್ತು. ಕುಕ್ಕರಿಗೆ ಮಾತ್ರ ಆ ಲೆಕ್ಕ ಗೊತ್ತಿರಲಿಲ್ಲ. ಆರು ಲೋಟ ಅಕ್ಕಿ ಸುರಿದ ಮೇಲೆ ನೀರಿಗೆ ಜಾಗವೇ ಉಳಿಯಲಿಲ್ಲ. ಹಿಡಿಸಿದಷ್ಟು ಹಾಕಿ, ಮುಚ್ಚಳ ಒತ್ತಿ, ಸ್ವಿಚ್ ಹಾಕಿದಳು.

ಸ್ವಲ್ಪ ಹೊತ್ತಿಗೆ ಮುಚ್ಚಳ ಕುಣಿಯತೊಡಗಿತು. ಬಿಳಿ ಗಂಜಿ ಬುಸಬುಸನೆ ಉಕ್ಕಿ ಮೇಜಿನ ಮೇಲಿದ್ದ ಅಜ್ಜನ ಪೇಪರಿಗೆ ಹರಿಯಿತು. ಆಮೇಲೆ ಸೀದ ವಾಸನೆ. ಸ್ವಿಚ್ ಆರಿಸಿ, ಆರಲು ಬಿಟ್ಟು, ಮೆಲ್ಲಗೆ ತೆಗೆದು ನೋಡಿದರೆ ತಳದಲ್ಲಿ ಕರಕಲು, ಮೇಲೆ ಹಸಿ ಅಕ್ಕಿ.

“ಹೇಳಿಬಿಡೇ ಅಮ್ಮಂಗೆ” ಎಂದರು ಅಜ್ಜ. “ಇನ್ನೂ ಟೈಮಿದೆ.”

“ಬೇಡ ಅಜ್ಜಾ. ಅವಳಿಗೆ ಟೆನ್ಷನ್ ಆಗುತ್ತೆ.”

“ಮತ್ತೆ ಈಗ ನಿನಗಾಗ್ತಿರೋದು ಏನು?”

ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮನ ದನಿ ಕೇಳಿತು. “ಚಟಪಟೀ, ಯಾವುದಾದ್ರೂ ಫೋನ್ ಬಂತಾ?”

“ಇ... ಇಲ್ಲಮ್ಮ!”

ಅಜ್ಜ ಹುಬ್ಬೇರಿಸಿದರು. ಚಟಪಟಿ ಕುಕ್ಕರಿನ ಮೇಲೆ ಟವೆಲ್ ಹೊದಿಸಿ ಹೊರಗೆ ಬಂದಳು. ಆಮೇಲೆ ಒಂದು ಗಂಟೆ ಅವಳು ಒಂದೇ ಒಂದು ಮಾತೂ ಆಡಲಿಲ್ಲ. ಕುರ್ಚಿ ಹೊತ್ತು ತಂದ ಅಪ್ಪ, “ಹುಷಾರಾಗಿದೀಯೇನೇ?” ಎಂದು ಹಣೆ ಮುಟ್ಟಿ ನೋಡಿದ.

ಆರೂವರೆಗೆ ಅಮ್ಮ ಚಾರ್ಟಿನ ಕೊನೆಯ ಸಾಲಿಗೆ ಟಿಕ್ ಹಾಕಿ, ಕುರ್ಚಿ ಎಳೆದುಕೊಂಡು ಕೂತಳು. “ನೋಡಿದ್ಯಾ, ಎಲ್ಲಾ ಟೈಮಿಗೆ ಸರಿಯಾಗಿ ಮುಗೀತು. ಇನ್ನು ನಿನ್ನ ಅತ್ತೆ ಅನ್ನ ತಂದುಬಿಟ್ರೆ ಆಯ್ತು.”

ಚಟಪಟಿ ಜೇಬಿನ ಚೀಟಿ ಮುಟ್ಟಿಕೊಂಡಳು. “ಅಮ್ಮಾ...” ಎಂದಳು. ಆಗಲೇ ಕಾಲಿಂಗ್ ಬೆಲ್ ಆಯಿತು.

ಹಾಲ್ ತುಂಬ ಜನ, ಚಪ್ಪಲಿ, ಗಲಾಟೆ. ಅತ್ತೆ ಹಣ್ಣಿನ ಚೀಲ ಹಿಡಿದು ಒಳಗೆ ಬಂದವರೇ, “ಅನ್ನ ಆಯ್ತೇನಮ್ಮಾ? ನನ್ನಿಂದ ನಿನಗೆ ಕೆಲಸ ಜಾಸ್ತಿ ಆಯ್ತು” ಎಂದರು.

ಅಮ್ಮ ನಗುತ್ತಲೇ, “ಅನ್ನ ನೀವು ತರ್ತೀನಿ ಅಂದಿದ್ರಲ್ಲ ಅತ್ತಿಗೆ?” ಎಂದಳು.

“ಅಯ್ಯೋ, ಫೋನಲ್ಲಿ ಹೇಳಿದ್ನಲ್ಲ ಇವಳಿಗೆ!”

ಎಲ್ಲರ ಕಣ್ಣೂ ಚಟಪಟಿಯ ಮೇಲೆ ಬಿದ್ದವು. ಅವಳು ಜೇಬಿನಿಂದ ಚೀಟಿ ತೆಗೆದು ಕೊಟ್ಟಳು. ಅಮ್ಮ ಓದಿದಳು.

“ನಾಲ್ಕೂ ಹತ್ತಕ್ಕೆ ಬಂದಿದೆ. ಯಾಕೆ ಹೇಳ್ಲಿಲ್ಲ?”

ಸುಳ್ಳು ಹುಡುಕಿದರೆ ಸಿಗುತ್ತಿತ್ತೇನೋ. ಆದರೆ ಅಷ್ಟು ಹೊತ್ತಿನಿಂದ ಬಾಯಿ ಮುಚ್ಚಿಕೊಂಡಿದ್ದವಳಿಗೆ ನಿಜವೇ ಉಕ್ಕಿ ಬಂತು. “ನೀನು ಅಳ್ತೀಯ ಅಂತ. ಹೋದ ವರ್ಷ ಅತ್ತಿದ್ಯಲ್ಲ, ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು... ಹಾಗೆ.”

ಚಿಕ್ಕಪ್ಪ ಮೊಬೈಲನ್ನು ಜೇಬಿಗೆ ಸೇರಿಸಿದರು. ಅಮ್ಮನ ಮುಖ ಕೆಂಪಾಯಿತು. ಅನ್ನ ಹಾಳು ಮಾಡಿದ್ದು ಸಾಲದು ಎಂದು ಅಮ್ಮನ ಗುಟ್ಟನ್ನೂ ಎಲ್ಲರೆದುರು ಬಯಲು ಮಾಡಿದ್ದಾಯಿತಲ್ಲ! ಚಟಪಟಿ ಅಳುತ್ತಾ ಅಜ್ಜನ ಕೋಣೆಗೆ ಓಡಿದಳು.

ಸ್ವಲ್ಪ ಹೊತ್ತಿಗೆ ಅಮ್ಮ ಬಂದಳು. ಟವೆಲ್ ಎತ್ತಿ ಕುಕ್ಕರಿನೊಳಗೆ ಇಣುಕಿದಳು.

“ಆರು ಲೋಟ ಹಾಕಿದ್ಯಾ ಇದಕ್ಕೆ?”

ಚಟಪಟಿ ತಲೆಯಾಡಿಸಿದಳು. ಅಮ್ಮ ಬೈಯಲಿಲ್ಲ. ಅವಳ ಪಕ್ಕ ಮಂಚದ ಮೇಲೆ ಕೂತು ತನ್ನ ಪಾದ ಒತ್ತಿಕೊಂಡಳು.

“ಹೋದ ವರ್ಷ ಬೆಳಗ್ಗೆ ಐದು ಗಂಟೆಯಿಂದ ನಿಂತೇ ಇದ್ದೆ ಕಣೇ. ಕಾಲು ಸಿಡೀತಿತ್ತು. ಇನ್ನೂ ಪಾತ್ರೆ ರಾಶಿ ಬಿದ್ದಿತ್ತು. ಹಾಲಲ್ಲಿ ಹನ್ನೊಂದು ಜನ ಇದ್ರು. ಒಬ್ಬರಿಗೂ ಹೇಳ್ಲಿಲ್ಲ ನಾನು.”

“ಯಾಕೆ ಹೇಳ್ಲಿಲ್ಲ?”

ಅಮ್ಮ ಇನ್ನೊಂದು ಪಾದವನ್ನೂ ಒತ್ತಿಕೊಂಡಳು. “ಎಲ್ಲರೂ ಅಷ್ಟು ಖುಷಿಯಾಗಿದ್ರು. ಯಾಕೆ ಹಾಳು ಮಾಡೋದು ಅನ್ನಿಸ್ತು” ಎಂದಳು.

ಚಟಪಟಿ ಅಮ್ಮನನ್ನೇ ನೋಡಿದಳು. ಇಡೀ ವಾರ್ಡ್ ನಡೆಸುವ ಅಮ್ಮ. ಇಂಜೆಕ್ಷನ್ನಿಗೆ ಅಳುವ ಮಕ್ಕಳಿಗೆ ‘ಎಲ್ಲಿ ನೋಯುತ್ತೆ, ಹೇಳು’ ಎಂದು ಕೇಳುವ ಅಮ್ಮ. ಅವಳೂ ತನ್ನ ಹಾಗೇ ಮಾಡಿದ್ದಳು. ಪಾಪ ಎನಿಸಿತು. ಅಮ್ಮನ ಬಗ್ಗೆ ಹಾಗೆ ಎನಿಸಿದ್ದು ಅದೇ ಮೊದಲು.

ಇಬ್ಬರೂ ಅಡುಗೆಮನೆಗೆ ಬಂದಾಗ ಅತ್ತೆ ಆಗಲೇ ಎರಡು ದೊಡ್ಡ ಪಾತ್ರೆಗಳಲ್ಲಿ ಅಕ್ಕಿ ಇಟ್ಟಿದ್ದರು. ಅಪ್ಪ ಮತ್ತು ಚಿಕ್ಕಪ್ಪ ತಟ್ಟೆ ಒರೆಸುತ್ತಿದ್ದರು. ಎಷ್ಟು ತಟ್ಟೆ ಎಂದು ಅವರಿಬ್ಬರಲ್ಲಿ ಜಗಳವೂ ಶುರುವಾಗಿತ್ತು.

“ನಿಮಗ್ಯಾಕೆ ಅತ್ತಿಗೆ, ಬಿಡಿ ನಾನು...” ಎಂದಳು ಅಮ್ಮ.

“ನೀನು ಸುಮ್ನಿರು” ಎಂದರು ಅತ್ತೆ. ಅವರು ಅಮ್ಮನ ಮುಖ ನೋಡಲಿಲ್ಲ, ಪಾತ್ರೆಯನ್ನೇ ನೋಡುತ್ತಿದ್ದರು. “ಹೋದ ವರ್ಷ ನಾನೂ ಹಾಲಲ್ಲೇ ಇದ್ನಲ್ಲ. ನನಗೂ ಗೊತ್ತಾಗಲಿಲ್ಲ.”

ಊಟ ಒಂದು ಗಂಟೆ ತಡವಾಯಿತು. ಮಕ್ಕಳು ಹಸಿವು ಎಂದು ಹಣ್ಣಿನ ಚೀಲವನ್ನು ಅರ್ಧ ಖಾಲಿ ಮಾಡಿದರು. ಅನ್ನ ಒಂಚೂರು ಮುದ್ದೆಯಾಗಿತ್ತು. ಎಲ್ಲರೂ ಕೂತಾಗ ಅಮ್ಮ ಅಭ್ಯಾಸಬಲದಿಂದ ಸೌಟು ಹಿಡಿದು ನಿಂತಳು. ಆಮೇಲೆ ಏನನ್ನಿಸಿತೋ, ಸೌಟನ್ನು ಮುಂದೆ ಚಾಚಿದಳು.

“ಅತ್ತಿಗೆ, ನನ್ನ ಕಾಲು ನೋಯ್ತಿದೆ. ನೀವು ಬಡಿಸ್ತೀರಾ?”

“ಅದಕ್ಕೇನು, ಕೊಡು ಇಲ್ಲಿ” ಎಂದು ಅತ್ತೆ ಎದ್ದರು. ಅಮ್ಮ ಕುರ್ಚಿಯಲ್ಲಿ ಕೂತಳು.

ಅಷ್ಟೇ. ಅಷ್ಟು ಪುಟ್ಟ ಮಾತು. ಚಟಪಟಿ ಎದ್ದು ಅಮ್ಮನ ಕುರ್ಚಿಯ ಪಕ್ಕ ಬಂದು ನಿಂತಳು.

“ಅಮ್ಮಾ, ಸಂಜೆ ಫೋನ್ ಬಂತಾ ಅಂತ ಕೇಳಿದ್ಯಲ್ಲ, ಇಲ್ಲ ಅಂದೆ. ಅದು ಸುಳ್ಳು.”

“ಗೊತ್ತು ಕಣೇ.”

“ಗೊತ್ತಿದ್ರೂ ಹೇಳ್ಬೇಕು ಅನ್ನಿಸ್ತು.”

ಅಮ್ಮ ಕುರ್ಚಿಯಲ್ಲಿ ಸ್ವಲ್ಪ ಸರಿದು ಅವಳಿಗೂ ಜಾಗ ಮಾಡಿದಳು.