ಹಳದಿ ಗೆರೆಯ ಈಚೆ

ಬಸವಪ್ರಭು ನನ್ನ ಜೊತೆ ಆಡಿದ ಮೊದಲ ಮಾತು, "ಏನ್ರೀ, ನಮ್ಮ ಮಂದಿ ಕಳ್ಳರೇನು?"

ನಾನು ಅವನಿಗೆ ಹೇಳಿದ ಮೊದಲ ಮಾತು, "ಬೆಲ್ಟ್ ಬಿಚ್ಚಿಡ್ರಿ."

ಮುಂದೊಂದು ದಿನ ಈ ಆಸಾಮಿಗಾಗಿ ನನ್ನ ಎದೆ ಹೊಡೆದುಕೊಳ್ಳುತ್ತದೆ ಎಂದು ಯಾರಾದರೂ ಹೇಳಿದ್ದರೆ, ಅವರ ಕಪಾಳಕ್ಕೆ ಬಾರಿಸುತ್ತಿದ್ದೆ.

ಧಾರವಾಡದ ನಮ್ಮ ಲ್ಯಾಬಿನಲ್ಲಿ ಮಿದುಳಿನ ಚಿತ್ರ ತೆಗೆಯುವ ಎಂ.ಆರ್.ಐ. ಸ್ಕ್ಯಾನರ್ ಇದೆ. ಅದರ ಬಾಗಿಲು ಕಾಯುವುದು ನನ್ನ ಕೆಲಸ. ಒಳಗಿರುವುದು ಭಾರೀ ಆಯಸ್ಕಾಂತ. ಸ್ಕ್ಯಾನ್ ನಡೆಯಲಿ ಬಿಡಲಿ, ಕರೆಂಟ್ ಇರಲಿ ಹೋಗಲಿ, ಅದು ಎಳೆಯುತ್ತಲೇ ಇರುತ್ತದೆ. ಕತ್ತರಿಯೋ ಕೀಲಿಕೈಯೋ ಹತ್ತಿರ ಹೋದರೆ ಗುಂಡಿನ ಹಾಗೆ ಹಾರುತ್ತದೆ, ದಾರಿಯಲ್ಲಿ ಯಾರಿದ್ದಾರೆಂದು ನೋಡುವುದಿಲ್ಲ. ಅದಕ್ಕೇ ನೆಲದ ಮೇಲೆ ಹಳದಿ ಗೆರೆ. ಗೆರೆಯ ಈಚೆಯೇ ಉಟ್ಟ ಬಟ್ಟೆ ಬದಲಿಸಿ ಲ್ಯಾಬಿನ ಗೌನ್ ಹಾಕಿಕೊಳ್ಳಬೇಕು. ನಾನು ಪುಟ್ಟ ಆಯಸ್ಕಾಂತವೊಂದನ್ನು ಮೈಯುದ್ದಕ್ಕೂ ಆಡಿಸಿ ನೋಡಬೇಕು. ಆಮೇಲೆ ಒಳಗೆ.

ಬಸವಪ್ರಭು ಹತ್ತಿರದ ಗರಗ ಊರಿನವನು. ಐವತ್ತು ವರ್ಷ ಖಾದಿ ನೂಲು ತೆಗೆದವರ ಮಿದುಳು ಹೇಗಿರುತ್ತದೆಂಬುದು ಅವನ ಪಿಎಚ್‌ಡಿ ವಿಷಯ. ಪ್ರತಿ ಗುರುವಾರ ಊರಿನ ಹಿರಿಯ ಹೆಂಗಸರನ್ನು ಕರೆತರುತ್ತಿದ್ದ. ನಾನು ಪ್ರತಿ ಗುರುವಾರ ಅರ್ಧ ಮಂದಿಯನ್ನು ವಾಪಸ್ ಕಳಿಸುತ್ತಿದ್ದೆ. ಗೌನ್ ಹಾಕಿಕೊಳ್ಳಲು ಅವರು ಒಲ್ಲೆ ಅನ್ನುತ್ತಿದ್ದರು.

"ಎಪ್ಪತ್ತು ವರ್ಷದಾಕಿಗೆ ಸೀರಿ ಬಿಚ್ಚು ಅಂತೀರಿ. ನಿಮಗ ಮನಿಯಾಗ ಅಜ್ಜಿ ಇಲ್ಲೇನ್ರಿ?"

"ಅದಾಳ. ಆಕಿ ಜೀವಂತ ಇರ್ಲಿ ಅಂತನs ಹೇಳಾಕತ್ತೇನಿ."

"ಬಾಯಿ ಭಾಳ ಐತಿ ನಿಮಗ."

"ಬುದ್ಧಿನೂ ಐತಿ. ನಿಮಗ ಎರಡ್ರಾಗ ಒಂದs."

ಹೀಗೆ ಮೂರು ತಿಂಗಳು. ಅವನು ಸಿಟ್ಟಿಗೆದ್ದಾಗ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸುತ್ತಿದ್ದ. ಒರೆಸುತ್ತಲೇ ನನ್ನ ಕಡೆ ನೋಡುತ್ತಿದ್ದ. ಕನ್ನಡಕವಿಲ್ಲದೆ ಅವನಿಗೆ ಏನು ಕಾಣುತ್ತಿತ್ತೋ ಗೊತ್ತಿಲ್ಲ, ನನಗೆ ಮಾತ್ರ ಅವನ ಕಣ್ಣು ಕಾಣುತ್ತಿದ್ದವು. ಹಾಳಾದವು, ಚೆಂದ ಇದ್ದವು. ಅದಕ್ಕೂ ಸೇರಿಸಿ ಇನ್ನೆರಡು ಬೈಯುತ್ತಿದ್ದೆ.

ಕಡೆಗೆ ಅವನು ಲ್ಯಾಬಿನ ಮುಖ್ಯಸ್ಥೆ ಜಯಾ ಮೇಡಂಗೆ ನನ್ನ ಮೇಲೆ ದೂರು ಬರೆದ. ಹೊಸ ಆದೇಶ ಬಂತು: ಹಿರಿಯ ಹೆಂಗಸರು ಉಟ್ಟ ಸೀರೆಯಲ್ಲೇ ಹೋಗಬಹುದು. ಮೈ ತಪಾಸಣೆ ಬೇಡ, ಬಾಯಿಮಾತಿನಲ್ಲಿ ಕೇಳಿದರೆ ಸಾಕು. ಇನ್ನೊಂದು ದೂರು ಬಂದರೆ ದಾಕ್ಷಾಯಿಣಿಯನ್ನು, ಅಂದರೆ ನನ್ನನ್ನು, ಆ ಬಾಗಿಲಿನಿಂದ ತೆಗೆಯಲಾಗುವುದು.

ಮೈಯೆಲ್ಲ ಉರಿದುಹೋಯಿತು. ಗೋಳೋ ಎಂದು ಅಳಬೇಕೆನಿಸಿತು. ಅವನೆದುರು ಅಳುವುದಕ್ಕಿಂತ ಸಾಯುವುದು ವಾಸಿ ಎಂದುಕೊಂಡು ಆದೇಶವನ್ನು ಗೋಡೆಗೆ ಅಂಟಿಸಿದೆ.

ಆ ಗುರುವಾರ ಅವನು ಈರವ್ವನನ್ನು ಕರೆತಂದ. ತೆಳ್ಳಗಿನ ಮುದುಕಿ, ಊರಲ್ಲೇ ಸಣ್ಣ ನೂಲಿಗೆ ಹೆಸರಾದವಳು.

"ಯಮ್ಮಾ, ಮೈಮ್ಯಾಲ ಕಬ್ಬಿಣ ಏನರ ಐತೇನು? ಪಿನ್ನು, ಕೀಲಿ?"

"ಏನೂ ಇಲ್ಲವಾ."

"ಖರೇನs?"

"ನಾ ಯಾಕ ಸುಳ್ಳ ಹೇಳ್ಲೆವಾ?"

ಬಸವಪ್ರಭು ಗಡಿಯಾರ ಬಿಚ್ಚಿಡುತ್ತಾ ನಕ್ಕ. "ಕೇಳಿದ್ದು ಆತಿಲ್ಲೋ? ನಡೀರಿ ಮತ್ತ."

ಈರವ್ವನ ಕೈ ಹಿಡಿದು ಒಳಗೆ ನಡೆದೆ. ಅವನು ಹಿಂದೆ ಬಂದ. ಸ್ಕ್ಯಾನರಿಗೆ ಇನ್ನು ನಾಲ್ಕು ಹೆಜ್ಜೆ ಇತ್ತು. ಈರವ್ವನ ಸೊಂಟದ ಹತ್ತಿರ ಸೀರೆ ತಾನಾಗಿ ಉಬ್ಬಿ ನಿಂತಿತು, ಒಳಗಿಂದ ಯಾರೋ ಬೆರಳಿನಿಂದ ತಳ್ಳಿದ ಹಾಗೆ.

"ಕದಿರು!" ಎಂದು ಬಸವಪ್ರಭು ಚೀರಿದ.

ನಾನು ಮುದುಕಿಯನ್ನು ಹಿಂದಕ್ಕೆ ಎಳೆದೆ. ಅವನು ಮುಂದೆ ಹಾರಿ ಸೀರೆಯ ಮೇಲಿನಿಂದಲೇ ಅದನ್ನು ಮುಷ್ಟಿಯಲ್ಲಿ ಹಿಡಿದ. ಹಿಡಿದರೆ ನಿಲ್ಲುತ್ತದೆಯೇ? ಗೇಣುದ್ದದ ಉಕ್ಕಿನ ಕಡ್ಡಿ ಬಟ್ಟೆ ಹರಿದು, ಅವನ ಅಂಗೈ ಸೀಳಿ, ಸ್ಕ್ಯಾನರಿನ ಬಾಯೊಳಗೆ ಠಣ್ಣೆಂದು ಬಡಿದು ಅಂಟಿಕೊಂಡಿತು. ಮಲಗಿದವರ ಹಣೆ ಬರುವ ಜಾಗವದು.

ಹೊರಗೆ ಬಂದ ಮೇಲೆ ಈರವ್ವ ಹೇಳಿದಳು, "ಅದು ಕಬ್ಬಿಣ ಅಲ್ಲವಾ, ನನ್ನ ಕದಿರು. ಚರಕದಾಗಿಂದು, ನೂಲು ಸುತ್ತೂ ಕಡ್ಡಿ. ನೂಲಾಕಿ ಊರು ಬಿಟ್ಟು ಹೊಂಟ್ರ ಅದನ್ನ ಬ್ಯಾರೆಯವರ ಕೈಯಾಗ ಬಿಡೂದಿಲ್ಲ, ನಡದಾಗ ಸಿಗಿಸ್ಕೊಂಡs ಬರ್ತೇವಿ."

ಐವತ್ತು ವರ್ಷ ಕೈಯಲ್ಲಿದ್ದದ್ದು ಅವಳ ಲೆಕ್ಕದಲ್ಲಿ ಕಬ್ಬಿಣವಾಗಿ ಉಳಿದಿರಲಿಲ್ಲ. ಆಕೆಯನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಬೈಯಬೇಕಾದವನು ಎದುರಿಗೇ ಕೂತಿದ್ದ.

ಅವನ ಅಂಗೈಗೆ ಬಟ್ಟೆ ಸುತ್ತುತ್ತಾ ಕೇಳಿದೆ, "ಗೆದ್ರೆಲ್ಲಾ? ಸಮಾಧಾನ ಆತೇನು?"

"ನಮ್ಮವ್ವನೂ ಹಂಗs ನಡದಾಗ ಇಟ್ಕೋತಾಳ. ನನಗ ಗೊತ್ತಿತ್ತು. ನೆನಪs ಆಗ್ಲಿಲ್ಲ ನೋಡ್ರಿ."

"ಜಗಳ ಮಾಡೂದು ನೆನಪಿತ್ತಲ್ಲ!"

ಗಂಟು ಬೀಳುತ್ತಿರಲಿಲ್ಲ. ಅವನು ಎಡಗೈಯಿಂದ ಬಟ್ಟೆಯ ತುದಿ ಹಿಡಿದುಕೊಟ್ಟ. ಇಬ್ಬರ ಬೆರಳೂ ತಾಗಿದವು. ಇಬ್ಬರೂ ತೆಗೆಯಲಿಲ್ಲ. ಆ ಕಡ್ಡಿ ಅಂಗೈಗಲ್ಲದೆ ಎದೆಗೇ ಬಂದಿದ್ದರೆ ಎಂದು ಯೋಚನೆ ಬಂತು. ಬಂದದ್ದೇ ಕಣ್ಣು ತುಂಬಿದವು. ಅವನ ಮೇಲೆ ಇನ್ನಷ್ಟು ಸಿಟ್ಟು ಬಂತು.

ಅವಘಡದ ರಿಜಿಸ್ಟರ್ ತುಂಬಲೇಬೇಕು. ಬಾಗಿಲು ಕಾಯುವವಳು ನಾನು, ತಪ್ಪು ನನ್ನ ತಲೆಗೇ ಬರುವುದು ಖಚಿತ. ಪೆನ್ನು ಎತ್ತಿಕೊಳ್ಳುವಷ್ಟರಲ್ಲಿ ಅವನು ರಿಜಿಸ್ಟರ್ ಎಳೆದುಕೊಂಡು, ಎಡಗೈಯಲ್ಲಿ ಸೊಟ್ಟಸೊಟ್ಟಾಗಿ ಬರೆದ: "ನಿಯಮ ಸಡಿಲಿಸಲು ಹಟ ಹಿಡಿದವನು ನಾನು. ಈ ಪದ್ಧತಿ ಗೊತ್ತಿದ್ದೂ ಹೇಳದವನು ನಾನು. ದಾಕ್ಷಾಯಿಣಿಯವರು ಮೊದಲಿನಿಂದಲೂ ಬೇಡವೆಂದಿದ್ದರು."

"ಹುಚ್ಚೇನ್ರಿ ನಿಮಗ? ಇದನ್ನ ಓದಿದ್ರ ನಿಮ್ಮ ಸ್ಟಡಿ ಬಂದ್ ಮಾಡ್ತಾರ. ನಾಕು ವರ್ಷದ ಕೆಲಸ!"

"ಮಾಡ್ಲಿ. ಖರೇ ಇದ್ದದ್ದನ್ನs ಬರದೇನಿ."

ಜಯಾ ಮೇಡಂ ಓದಿದರು. ಗೋಡೆಯ ಆದೇಶವನ್ನು ತಾವೇ ಕಿತ್ತು ಹಾಕಿದರು. ಆಮೇಲೆ ಅವನ ಕಡೆ ತಿರುಗಿದರು. "ಗೌನ್ ಹಾಕ್ಕೊಳ್ಳಾಕ ನಿಮ್ಮ ಮಂದಿ ಒಲ್ಲೆ ಅಂತಾರ. ಹಂಗs ಬಿಡಾಕ ನಾ ಒಲ್ಲೆ. ಸ್ಟಡಿ ಇಲ್ಲಿಗೇ ನಿಲ್ಲಸೂದು ಛಲೋ."

ಅವನು ತಲೆ ತಗ್ಗಿಸಿದ. ಮೂರು ತಿಂಗಳು ನಾನು ಬಯಸಿದ್ದು ಇದನ್ನೇ. ಎದುರಿಗೆ ಬಂದು ನಿಂತಾಗ ನೋಡಲಾಗಲಿಲ್ಲ.

"ನಿಲ್ಲಸಬ್ಯಾಡ್ರಿ ಮೇಡಂ," ಎಂದೆ. "ಗೌನ್ ಬದಲು ಖಾದಿ ಸೀರಿನs ಇಲ್ಲಿ ಇಡೂಣು. ಉಟ್ಟಿದ್ದು ಬಿಟ್ಟು ಅದನ್ನ ಉಟ್ಕೊಂಡು, ತಪಾಸಣಿ ಮಾಡಿಸ್ಕೊಂಡು ಒಳಗ ಹೋಗ್ಲಿ. ಗುರುವಾರ ಮುಂಜಾನೆ ನಾನs ಗರಗಕ್ಕ ಹೋಗಿ, ಒಬ್ಬೊಬ್ಬರ ಮನಿಯಾಗ ಕುಂತು ತಿಳಿಸಿ ಹೇಳಿ ಕರಕೊಂಡು ಬರ್ತೇನಿ. ಜವಾಬ್ದಾರಿ ನಂದು."

ಮೇಡಂ ನಮ್ಮಿಬ್ಬರನ್ನೂ ನೋಡಿ, "ಒಂದು ತಿಂಗಳು ನೋಡ್ತೇನಿ," ಎಂದರು.

ಹೊರಗೆ ಕಾರಿಡಾರಿನಲ್ಲಿ ಅವನು ನನ್ನನ್ನು ತಡೆದ. "ನಿಮಗ ನನ್ನ ಕಂಡ್ರ ಆಗೂದಿಲ್ಲ. ಮತ್ಯಾಕ ಇಷ್ಟೆಲ್ಲಾ?"

"ಆಗೂದಿಲ್ಲs. ನೀವು ಬಂದ ದಿನಾ ಸಿಟ್ಟು ಬರ್ತೈತಿ. ಬರಲಾರದ ದಿನಾ ಅದಕ್ಕಿಂತ ಹೆಚ್ಚು ಬರ್ತೈತಿ. ಗುರುವಾರ ಒಂದs ಸಾಕಾಗವಲ್ತು ನನಗ. ತಿಳೀತೇನು, ಇಲ್ಲಾ ರಿಜಿಸ್ಟರ್‌ನ್ಯಾಗ ಬರದು ಕೊಡ್ಲೇನು?"

ಅವನು ಕನ್ನಡಕ ಸರಿಮಾಡಿಕೊಂಡು ನನ್ನನ್ನೇ ನೋಡಿದ. ಬಟ್ಟೆ ಸುತ್ತಿದ ಕೈಯನ್ನು ನನ್ನತ್ತ ಚಾಚಿದ.

"ನಡೀರಿ," ಎಂದೆ. "ಮೊದಲು ಆ ಕೈಗೆ ಹೊಲಿಗಿ ಹಾಕಸ್ಬೇಕು."

ಅವನು ನನ್ನ ಜೊತೆ ನಡೆದ.