ದೊಡ್ಡಪ್ಪನ ಮನೆಯ ಮೆನ್ನೊ

“ಅಲ್ಲಾಡ್ಬೇಡ! ಒಂದ್ ಹೆಜ್ಜೆನೂ ಎತ್ಬೇಡ!”

ಹಿಂದಿನಿಂದ ಬಂದ ಕೂಗಿಗೆ ಮಾರ್ಲೀಸ್‌ಳ ಎದೆ ಧಸಕ್ಕೆಂದಿತು. ಎತ್ತಲು ಕಾಲಾದರೂ ಎಲ್ಲಿತ್ತು? ಮೊಣಕಾಲಿನವರೆಗೂ ಕೆಸರು ನುಂಗಿತ್ತು!

ಇಳಿತಕ್ಕೆ ಸಮುದ್ರ ಮೈಲಿಗಟ್ಟಲೆ ಹಿಂದೆ ಸರಿದಿತ್ತು. ಊರಿಗೆ ನೀರು ನುಗ್ಗದಂತೆ ಕಟ್ಟಿದ ಒಡ್ಡು ಇಳಿದು ಸುಮ್ಮನೆ ನಾಲ್ಕು ಹೆಜ್ಜೆ ನಡೆಯೋಣ ಎಂದುಕೊಂಡು ಬಂದವಳು ಈಗ ಕಂಬದಂತೆ ನಿಂತಿದ್ದಳು.

ಕೂಗಿದ ಯುವಕ ಅವಳ ಮುಂದಕ್ಕೆ ಬಂದು ಕೆಸರಿನ ಮೇಲೆ ಬೋರಲು ಮಲಗಿ, ಅವಳ ಎರಡೂ ತೋಳು ಹಿಡಿದ.

“ಮುಂದಕ್ಕೆ ಬೀಳು. ಈಜೋ ಹಾಗೆ ಕಾಲಾಡ್ಸು. ನನ್ನೇ ನೋಡು!”

ಬೂದುಗಣ್ಣು. ಅದರಲ್ಲಿ ಸಿಟ್ಟೂ ಇತ್ತು, ಗಾಬರಿಯೂ ಇತ್ತು. ಕೊನೆಗೆ ಕೆಸರು ‘ಪಚಕ್’ ಎಂದು ಅವಳನ್ನು ಬಿಟ್ಟಿತು.

“ತಲೆ ನೆಟ್ಟಗಿದ್ಯಾ? ಒಬ್ಳೇ ಇಳಿದಿದ್ಯಲ್ಲ!”

“ನಮ್ಮಜ್ಜಿ ಇದೇ ಊರಲ್ಲಿ ಹುಟ್ಟಿದ್ದು!” ಅಳುತ್ತಲೇ ರೇಗಿದಳು ಮಾರ್ಲೀಸ್.

“ಅದು ಕೆಸರಿಗೆ ಗೊತ್ತಿರಬೇಕಲ್ಲ!”

ಅಳುತ್ತಿದ್ದವಳಿಗೆ ನಗು ಬಂದುಬಿಟ್ಟಿತು. ಹೆಸರೂ ಕೇಳದೆ ಇಬ್ಬರೂ ಬೇರೆಯಾದರು. ಆದರೆ ಆ ಕೈಗಳ ಬಿಸಿ ಅವಳ ತೋಳಿನಲ್ಲೇ ಉಳಿದಿತ್ತು...

ಅವಳು ಕೆನಡಾದಿಂದ ಈ ಡಚ್ ಕರಾವಳಿಗೆ ಬಂದಿದ್ದಳು. ಬ್ಯಾಗಿನೊಳಗಿನ ತವರದ ಡಬ್ಬಿಯಲ್ಲಿ ಅಜ್ಜಿ ಫ್ರೌಕೆಯ ಚಿತಾಭಸ್ಮದ ಒಂದು ಹಿಡಿಯಿತ್ತು. ‘ನಾನು ಹುಡುಗಿಯಾಗಿದ್ದಾಗ ಚಿಪ್ಪು ಆಯ್ತಿದ್ದ ಮರಳದಿಣ್ಣೆ ಮೇಲೆ ಬಿಡು’ ಎಂದಿದ್ದರು ಅಜ್ಜಿ. ಸಂಸಾರವೆಲ್ಲ ಕೆನಡಾಕ್ಕೆ ಹಡಗು ಹತ್ತಿದಾಗ ಅಜ್ಜಿಯ ಹಿರಿಮಗ ಎವರ್ಟ್ ಮಾತ್ರ ಬರುವುದಿಲ್ಲವೆಂದು ಇಲ್ಲೇ ಉಳಿದಿದ್ದ. ಆ ಮುನಿಸಿಗೆ ಅವಳ ಅಪ್ಪ ಇಂದಿಗೂ ಅಣ್ಣನ ಹೆಸರೆತ್ತುತ್ತಿರಲಿಲ್ಲ. ಹಾಗಾಗಿ ದೊಡ್ಡಪ್ಪನ ಮನೆಯಲ್ಲಿ ಯಾರಿದ್ದಾರೆ ಎಂಬುದೂ ಅವಳಿಗೆ ಗೊತ್ತಿರಲಿಲ್ಲ.

ಅದೇ ಮಧ್ಯಾಹ್ನ ಅವಳು ಮೊದಲ ಸಲ ದೊಡ್ಡಪ್ಪನ ಮನೆಗೆ ಹೋದಾಗ ಅಲ್ಲಿ ಅವರ ಹುಟ್ಟುಹಬ್ಬ. ಗುಂಡಗೆ ಜೋಡಿಸಿದ ಕುರ್ಚಿಗಳು, ಕಾಫಿ, ತಲೆಗೊಂದೇ ತುಂಡು ಸೇಬಿನ ಕೇಕು. ದೊಡ್ಡಮ್ಮ ರೀಯಾ ಬಾಗಿಲ ಕಡೆ ಕೈ ತೋರಿಸಿದರು.

“ಅಗೋ ಬಂದ! ಇವನೇ ಕಣೇ, ನಮ್ಮ ಮಗ ಮೆನ್ನೊ.”

ಅದೇ ಬೂದುಗಣ್ಣು!

“ಓಹೋ, ಕೆಸರಿನ ಅತಿಥಿ!” ಎಂದು ನಗುತ್ತಾ ಅವನು ಎವರ್ಟ್‌ರನ್ನು ತಬ್ಬಿದ. “ಶುಭಾಶಯ ಅಪ್ಪ!”

ಅಪ್ಪ... ಮಾರ್ಲೀಸ್‌ಳ ಕೈಯಲ್ಲಿ ಕಾಫಿ ತುಳುಕಿತು. ‘ದೊಡ್ಡಪ್ಪನ ಮಗ. ನನಗೆ ಅಣ್ಣನಾಗಬೇಕು. ದೇವರೇ, ನಾನು ಏನೇನು ಅಂದುಕೊಂಡುಬಿಟ್ಟಿದ್ದೆ!’

ಮುಂದಿನ ಹತ್ತು ದಿನ ಅವಳು ತನ್ನ ಮನಸ್ಸಿಗೇ ಹೆದರಿ ಬದುಕಿದಳು. ಅವನು ಸೈಕಲ್ ಹೊಡೆಯುತ್ತಾ ಹಾಡಿದರೆ ಹೆದರಿಕೆ. ಅವಳ ಅಜ್ಜಿಕಾಲದ ಡಚ್ ಮಾತನ್ನು ಅಣಕಿಸಿ ನಕ್ಕರೆ ಇನ್ನೂ ಹೆದರಿಕೆ. ಒಂದು ಸಂಜೆ ಒಡ್ಡಿನ ಮೇಲೆ ಅವನು ಮೆಲ್ಲಗೆ ಅವಳ ಕೈ ಹಿಡಿದ.

“ಬೇಡ! ಇದು ತಪ್ಪು!” ಎಂದು ಕೈ ಕಿತ್ತುಕೊಂಡಳು.

ಅವನ ಮುಖ ಬಿಳುಚಿತು. “ಸರಿ. ಕ್ಷಮಿಸು” ಎಂದಷ್ಟೇ ಹೇಳಿ ಹೊರಟುಹೋದ.

ಶನಿವಾರ ಅವಳ ವಿಮಾನ. ಗುರುವಾರ ಬೆಳಿಗ್ಗೆ ಡಬ್ಬಿ ಹಿಡಿದು ಮರಳದಿಣ್ಣೆಗೆ ಹೊರಟಳು. ಇಳಿತದ ಹೊತ್ತಿನಲ್ಲಿ ಜನರನ್ನು ಆ ಕೆಸರು ಬಯಲು ದಾಟಿಸುವುದು ಮೆನ್ನೊನ ಕಸುಬು. ಬೇರೆ ದಾರಿಯಿರಲಿಲ್ಲ. ಅವನು ಮುಂದೆ, ಅವಳು ಹಿಂದೆ, ಎರಡು ಗಂಟೆ ನಡೆದರು. ದಿಣ್ಣೆಯ ಮೇಲೆ ಅಜ್ಜಿಯನ್ನು ಗಾಳಿಗೆ ಬಿಟ್ಟು ಮಾರ್ಲೀಸ್ ಬಿಕ್ಕಿ ಬಿಕ್ಕಿ ಅತ್ತಳು. ಅವನು ಗಡಿಯಾರ ನೋಡಿದ. ಅವಳನ್ನು ನೋಡಿದ. ಕಾದು ನಿಂತ.

ವಾಪಸು ಅರ್ಧ ದಾರಿಗೆ ಬಂದಾಗ ಮಂಜು ಬಂತು.

ಬಂತು ಎನ್ನುವಷ್ಟರಲ್ಲಿ ಎಲ್ಲವೂ ಮಾಯ! ಒಡ್ಡಿಲ್ಲ, ಆಕಾಶವಿಲ್ಲ. ತನ್ನ ಪಾದವೇ ತನಗೆ ಕಾಣದು. ಗಾಬರಿಯಲ್ಲಿ ಅವಳು ಪಕ್ಕಕ್ಕೆ ಹೆಜ್ಜೆಯಿಟ್ಟಳು. ಕಾಲಡಿ ನೆಲವೇ ಇರಲಿಲ್ಲ; ಕೆಸರು ಬಯಲನ್ನು ಸೀಳಿ ಹರಿಯುವ ಸಮುದ್ರದ ಹೊಳೆಯೊಂದರ ಅಂಚು ಅದು. ನೀರು ತಲೆಯ ಮೇಲೆ ಮುಚ್ಚಿಕೊಂಡಿತು!

ಅವನು ಧುಮುಕಿ ಎಳೆದುಕೊಂಡ. ವೈರ್‌ಲೆಸ್ಸು, ಫೋನುಗಳಿದ್ದ ಚೀಲ ಹೊಳೆಯ ಪಾಲಾಯಿತು. ಉಳಿದದ್ದು ಕೊರಳಿನ ದಿಕ್ಸೂಚಿ ಒಂದೇ.

“ಉಬ್ಬರ ಶುರುವಾಗಿದೆ” ಎಂದ. “ಇನ್ನೊಂದು ಹೊಳೆ ದಾಟ್ಬೇಕು. ನನ್ನ ಬೆಲ್ಟ್ ಹಿಡ್ಕೋ. ಏನಾದ್ರೂ ಆಗ್ಲಿ, ಬಿಡ್ಬೇಡ.”

ಅವನ ಧ್ವನಿ ಗಟ್ಟಿಯಾಗಿತ್ತು. ಆದರೆ ದಿಕ್ಸೂಚಿಯನ್ನು ಮತ್ತೆ ಮತ್ತೆ ಕಣ್ಣಿನ ಹತ್ತಿರಕ್ಕೆ ತಂದು ನೋಡುತ್ತಿದ್ದ. ಅದನ್ನು ಕಂಡು ಮಾರ್ಲೀಸ್‌ಳ ಜೀವವೇ ಬಾಯಿಗೆ ಬಂತು.

“ನಿನಗೂ ಭಯನಾ?”

“ನಿನ್ನ ಅಳು ಮುಗೀಲಿ ಅಂತ ಅರ್ಧ ಗಂಟೆ ಕಾದೆ. ಕಾಯ್ಬಾರ್ದಿತ್ತು. ನಿಂಗೇನಾದ್ರೂ ಆದ್ರೆ...” ಅವನು ಮುಂದಕ್ಕೆ ಹೆಜ್ಜೆಯಿಟ್ಟ. “ಮಾತಾಡ್ತಾ ಇರು ಮಾರ್ಲೀಸ್. ನೀನು ಹಿಂದೆ ಇದೀಯ ಅಂತ ನಂಗೆ ಗೊತ್ತಾಗ್ತಿರ್ಬೇಕು.”

ಮಂಡಿ, ತೊಡೆ, ಸೊಂಟ... ನೀರು ಏರುತ್ತಲೇ ಇತ್ತು. ಚಳಿಗೆ ಹಲ್ಲು ಕಟಕಟಿಸುತ್ತಿತ್ತು. ಏನು ಮಾತಾಡಲಿ? ಸಾಯುವುದೇ ಆದರೆ ಇನ್ನು ಮುಚ್ಚಿಡುವುದಾದರೂ ಯಾಕೆ?

“ನಾನು... ನಿನ್ನ ಪ್ರೀತಿಸ್ತೀನಿ ಮೆನ್ನೊ! ಪಾಪ ಅಂತ ಗೊತ್ತು. ಸ್ವಂತ ದೊಡ್ಡಪ್ಪನ ಮಗನನ್ನ... ದೇವರು ಅದಕ್ಕೇ ಹೀಗೆ ಮಾಡ್ತಿದಾನೆ!”

ಬೆಲ್ಟ್ ಗಕ್ಕನೆ ನಿಂತಿತು.

“ಯಾರ ಮಗ?”

“ಎವರ್ಟ್ ದೊಡ್ಡಪ್ಪನ—”

“ಅಯ್ಯೋ ಪೆದ್ದಿ! ನಮ್ಮಮ್ಮ ಅಪ್ಪನ್ನ ಮದುವೆ ಆದಾಗ ನಂಗೆ ಏಳು ವರ್ಷ! ಆ ಮದುವೇಲಿ ಉಂಗುರ ತಂದುಕೊಟ್ಟೋನೇ ನಾನು! ನಿಂಗ್ಯಾರೂ ಹೇಳಿಲ್ವಾ?”

“ಇಲ್ಲ! ನೀನು ಯಾಕೆ ಹೇಳ್ಲಿಲ್ಲ?”

“ನಂಗೆ ಅವರು ಅಪ್ಪನೇ. ಮಲಮಗ ಅಂತ ಯಾರತ್ರನೂ ಹೇಳ್ಕೊಂಡಿಲ್ಲ. ನೀನು ಕೈ ಕಿತ್ಕೊಂಡಾಗ ಕೆನಡಾದಲ್ಲಿ ನಿಂಗೆ ಬೇರೆ ಯಾರೋ ಇದಾನೆ ಅಂದ್ಕೊಂಡೆ...”

ಎದೆಮಟ್ಟದ ನೀರಿನಲ್ಲಿ ನಿಂತು ಮಾರ್ಲೀಸ್ ನಕ್ಕಳೋ ಅತ್ತಳೋ ಅವಳಿಗೇ ತಿಳಿಯಲಿಲ್ಲ.

“ನಡಿ!” ಅವನು ಅಬ್ಬರಿಸಿದ. “ಈಗಂತೂ ಮುಳುಗೋಕೆ ಬಿಡಲ್ಲ ನಿನ್ನ!”

ಹೊಳೆಯ ನಡುವೆ ಇಬ್ಬರ ಕಾಲುಗಳೂ ನೆಲ ಬಿಟ್ಟು ತೇಲಿದವು. ಈಜಿದರು, ನೀರು ಕುಡಿದರು. ಒಮ್ಮೆ ಬೆಲ್ಟ್ ಅವಳ ಬೆರಳಿನಿಂದ ಜಾರಿತು. ಅವನ ಕೈ ಅವಳ ಕೂದಲನ್ನೇ ಹಿಡಿದೆಳೆಯಿತು. ಆಮೇಲೆ ಕಾಲಿಗೆ ಗಟ್ಟಿ ನೆಲ ಸಿಕ್ಕಿತು. ಮಂಜಿನೊಳಗಿಂದ ಕುರಿಯೊಂದು ಕೂಗಿತು. ಕುರಿ! ಅಂದರೆ ಒಡ್ಡು!

ಒಡ್ಡಿನ ಹುಲ್ಲಿನ ಇಳಿಜಾರಿನಲ್ಲಿ, ಮಂಜು ಕಂಡು ಗಾಬರಿಯಾಗಿ ಅವರನ್ನು ಹುಡುಕುತ್ತಿದ್ದ ಎವರ್ಟ್ ಟಾರ್ಚು ಹಿಡಿದು ಓಡಿ ಬಂದರು. ಇಬ್ಬರನ್ನೂ ಒಟ್ಟಿಗೆ ಬಾಚಿ ತಬ್ಬಿ, ಕೋಟು ಹೊದಿಸಿ, ಕಾರು ತರಲು ಹಿಂದಿರುಗಿ ಓಡಿದರು.

ಒಂದೇ ಕೋಟಿನೊಳಗೆ ಇಬ್ಬರೂ ನಡುಗುತ್ತಾ ಕುಳಿತರು.

“ಶನಿವಾರ ಹೋಗ್ತೀಯಾ?” ಮೆನ್ನೊ ಮೆಲ್ಲಗೆ ಕೇಳಿದ.

“ಹೋಗ್ಲೇಬೇಕು. ಅಪ್ಪನ್ನ ಕರ್ಕೊಂಡ್ ಬರ್ತೀನಿ. ದೊಡ್ಡಪ್ಪನ ಮುಂದೆ ನಿಲ್ಲಿಸ್ತೀನಿ.”

“ಅವ್ರು ಬರಲ್ಲ ಅಂದ್ರೆ?”

ಅವಳು ಅವನ ಭುಜಕ್ಕೆ ಒರಗಿದಳು.

“ಆಗ ನಾನೊಬ್ಳೇ ಬರ್ತೀನಿ. ಇಲ್ಲಿನ ರೈಲು ಸ್ಟೇಷನ್‌ಗೆ ಕರ್ಕೊಳ್ಳೋಕೆ ಬರ್ತೀಯ ತಾನೇ?”

“ಹಿಂದಿನ ದಿನವೇ ಬಂದು ಕೂತಿರ್ತೀನಿ” ಎಂದ ಅವನು. ಈ ಸಲ ಅವನು ಕೈ ಹಿಡಿದಾಗ ಅವಳು ಬಿಡಿಸಿಕೊಳ್ಳಲಿಲ್ಲ.